ಐರಿಷ್ ಸೆಷನ್‌ನಲ್ಲಿ ಮೊದಲ ಸಲ ನುಡಿಸಲು ಕೂರುವವರಿಗೆ

ಐರ್ಲೆಂಡಿನ ಕ್ಲೇರ್ ಕೌಂಟಿಯ ಡೂಲಿನ್‌ನಂತಹ ಊರುಗಳ ಪಬ್‌ಗಳಲ್ಲಿ ಗೆಳೆಯರು ಮೇಜಿನ ಸುತ್ತ ಕುಳಿತು ನುಡಿಸುವ ಐರಿಷ್ ಸೆಷನ್ ಕಛೇರಿಯಲ್ಲ. ಅಲ್ಲಿ ಸಾಮಾನ್ಯವಾಗಿ ವೇದಿಕೆಯೂ ಇಲ್ಲ, ಸ್ವರಲಿಪಿಯ ಹಾಳೆಯೂ ಇಲ್ಲ. ಆದ್ದರಿಂದ ಮೊದಲ ಸಂಜೆ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕೇಳುವುದಕ್ಕೇ ಹೆಚ್ಚು ಸಮಯ ಕೊಡಿ.

ಬಹುತೇಕ ಟ್ಯೂನ್‌ಗಳಲ್ಲಿ ಎಂಟೆಂಟು ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಆವರ್ತದಂತಹ ಅಳತೆ) ಎರಡು ಭಾಗಗಳಿದ್ದು, ಪ್ರತಿಯೊಂದನ್ನೂ ಎರಡೆರಡು ಸಲ ನುಡಿಸಿದಾಗ 32 ಬಾರ್‌ಗಳ ಒಂದು ಸುತ್ತು ಮುಗಿಯುತ್ತದೆ. ಅಂತಹ ಎರಡು ಮೂರು ಸುತ್ತುಗಳ ಕೊನೆಯಲ್ಲಿ, ಆರಂಭಿಸಿದವರು ತಲೆಯೆತ್ತಿ ಎಲ್ಲರತ್ತ ನೋಡಿದರೆ, ನಡುವೆ ನಿಲ್ಲಿಸದೆ ಮುಂದಿನ ಟ್ಯೂನ್‌ಗೆ ಹೊರಳಲಿದ್ದಾರೆಂದು ತಿಳಿಯಿರಿ. ಆ ಕ್ಷಣದಲ್ಲಿ ನಿಮ್ಮ ಕಣ್ಣು ಬೆರಳುಗಳ ಮೇಲಲ್ಲ, ಅವರ ಮುಖದ ಮೇಲಿರಬೇಕು. ಎಲ್ಲರೂ ಒಂದೇ ಮಟ್ಟನ್ನು ಒಟ್ಟಾಗಿ ನುಡಿಸುವುದೇ ಇಲ್ಲಿನ ಸೊಗಸಾಗಿರುವುದರಿಂದ, ಬಾರದ ಟ್ಯೂನ್‌ಗೆ ಅಂದಾಜಿನ ಸ್ವರಗಳನ್ನು ಸೇರಿಸುವುದಕ್ಕಿಂತ ಸುಮ್ಮನಿರುವುದೇ ಮೇಲು.

ತಿಶ್ರ ನಡೆ ಬಲ್ಲವರಿಗೆ 6/8ರ (ಬಾರ್‌ಗೆ ಮೂರು ಮೂರರ ಎರಡು ಗುಂಪುಗಳ) ಜಿಗ್ ಎಂಬ ಕುಣಿತದ ಟ್ಯೂನ್ ಬೇಗ ಒಗ್ಗುತ್ತದೆ, ಅದರಿಂದಲೇ ಆರಂಭಿಸಿ. ಡಿ ಶ್ರುತಿಯ ಟಿನ್ ವಿಸಲ್ ಎಂಬ ಪುಟ್ಟ ಕೊಳಲು ಇದ್ದರೆ ಡಿ ಮತ್ತು ಜಿ ಶ್ರುತಿಗಳ ಹೆಚ್ಚಿನ ಟ್ಯೂನ್‌ಗಳು ಕೈಗೆಟುಕುತ್ತವೆ. ಬೋರಾನ್ ಎಂಬ ಚರ್ಮವಾದ್ಯ ತಂದವರು, ಆಗಲೇ ಒಬ್ಬರು ನುಡಿಸುತ್ತಿದ್ದರೆ ದಯವಿಟ್ಟು ತಮ್ಮ ಸರದಿಗೆ ಕಾಯಬೇಕು, ಏಕೆಂದರೆ ಎರಡು ಬೋರಾನ್‌ಗಳ ಪೆಟ್ಟು ಕೂದಲೆಳೆಯಷ್ಟು ತಪ್ಪಿದರೂ ಪಿಟೀಲಿನವರ ಲಯ ಕದಡುತ್ತದೆ. ಧ್ವನಿಮುದ್ರಿಸಿಕೊಳ್ಳುವ ಮುನ್ನ ಅನುಮತಿ ಕೇಳಿ.