ಫೀಡ್‌ಗೆ ಬಿಟ್ಟದ್ದು, ಬ್ಲಾಗಿಗೆ ಉಳಿಸಿಕೊಂಡದ್ದು: ನನ್ನ ಅನುಭವ

ಬ್ಲಾಗ್ ಶುರು ಮಾಡಿದ ಹೊಸದರಲ್ಲಿ ಎಲ್ಲವನ್ನೂ ಅಲ್ಲೇ ಬರೆಯುತ್ತಿದ್ದೆ. ಓದಿದ ಪುಸ್ತಕದ ಬಗ್ಗೆ ಎರಡು ಪುಟ, ಜ್ವರ ಬಂದು ಮಲಗಿದ ಸುದ್ದಿ, ಹೊಸ ಕ್ಯಾಮೆರಾದಲ್ಲಿ ತೆಗೆದ ಮೊದಲ ಫೋಟೋ, ಮನೆ ಬದಲಾಯಿಸಿದ ಸಮಾಚಾರ. ಓದುತ್ತಿದ್ದವರು ಗೆಳೆಯರು, ಅವರ ಗೆಳೆಯರು, ಏನನ್ನೋ ಹುಡುಕುತ್ತಾ ಬಂದು ಅಲ್ಲೇ ಉಳಿದ ಒಂದಿಷ್ಟು ಅಪರಿಚಿತರು. ಬರಹವೂ ಅಲ್ಲೇ, ಕುಶಲ ವಿಚಾರಿಸುವುದೂ ಅಲ್ಲೇ. 'ಪುಸ್ತಕದ ಕಥೆ ಹಾಗಿರಲಿ, ಜ್ವರ ಬಿಟ್ಟಿತಾ?' ಅಂತ ಕಾಮೆಂಟಿನಲ್ಲಿ ಕೇಳುವವರಿದ್ದರು.

ಸಾಮಾಜಿಕ ಜಾಲತಾಣಗಳು ಬಂದಾಗ ಬ್ಲಾಗ್ ಸತ್ತುಹೋಯಿತು ಅಂತ ಹೇಳುವವರು ಜಾಸ್ತಿ. ನನ್ನ ಅನುಭವ ಸ್ವಲ್ಪ ಬೇರೆ. ಒಂದೇ ಜಾಗದಲ್ಲಿದ್ದ ಎರಡು ಕೆಲಸಗಳನ್ನು ಅವು ಬೇರೆ ಬೇರೆ ಮಾಡಿದವು. ಬರೆಯುವುದು ಒಂದು ಕಡೆ ಉಳಿಯಿತು, ಸುದ್ದಿ ಹೇಳುವುದು ಇನ್ನೊಂದು ಕಡೆ ಹೋಯಿತು. ಹಾಗೆ ಬೇರೆಯಾದಾಗ ಎರಡೂ ಸೊರಗಿದವು. ಆಮೇಲೆ ನಾನು ಏನೇನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಸಣ್ಣ ಸಣ್ಣ ಸಂಗತಿಗಳು. 2006ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ಶುರು ಮಾಡಿತು, ಅಂದರೆ ಪರಿಚಯದವರು ಹಾಕಿದ್ದೆಲ್ಲ ಒಂದರ ಕೆಳಗೊಂದು ಬರುವ ಪುಟ. ಅದೇ ತಿಂಗಳು 13 ವರ್ಷ ದಾಟಿದ ಯಾರು ಬೇಕಾದರೂ ಸೇರಬಹುದು ಎಂದಿತು. ಅದೇ ವರ್ಷ ಬಂದ ಟ್ವಿಟರ್, ಎಸ್ಸೆಮ್ಮೆಸ್ಸಿನ 160 ಅಕ್ಷರಗಳ ಲೆಕ್ಕ ಹಿಡಿದು 140ಕ್ಕೆ ಮಿತಿ ಹಾಕಿಕೊಂಡಿತ್ತು. ಜ್ವರ, ಕ್ಯಾಮೆರಾ, ಮನೆ ಬದಲಾವಣೆ, ಇವೆಲ್ಲ ಅಷ್ಟರಲ್ಲಿ ಹೇಳಿ ಮುಗಿಸಬಹುದಾದ ಸುದ್ದಿಗಳೇ. ಅಲ್ಲಿ ಹಾಕಿದರೆ ಐದು ನಿಮಿಷದಲ್ಲಿ ಉತ್ತರ ಬರುತ್ತಿತ್ತು. ಇನ್ನು ಬ್ಲಾಗಿಗೆ ಯಾಕೆ ಹಾಕಬೇಕು?

ಹಾಗಾಗಿ ಬ್ಲಾಗಿಗೆ 'ದೊಡ್ಡ' ಬರಹ ಮಾತ್ರ ಉಳಿಯಿತು. ದೊಡ್ಡದು ಅಂದಮೇಲೆ ಚೆನ್ನಾಗಿರಬೇಕು, ಪೂರ್ತಿ ಇರಬೇಕು, ತಿದ್ದಿರಬೇಕು. ಎರಡು ವಾರ ಬರೆಯದೇ ಹೋದರೆ ಮೂರನೇ ವಾರ ಬರೆಯುವುದಕ್ಕೆ ಇನ್ನೂ ದೊಡ್ಡ ಕಾರಣ ಬೇಕು ಅನ್ನಿಸುತ್ತಿತ್ತು. ಬ್ಲಾಗ್ ಬರೆಯುತ್ತಿದ್ದ ಗೆಳೆಯರೆಲ್ಲರ ಕಥೆಯೂ ಹೆಚ್ಚುಕಡಿಮೆ ಇದೇ. ಪುರುಸೊತ್ತಿಲ್ಲ ಅನ್ನುತ್ತಿದ್ದರು. ಪುರುಸೊತ್ತು ಇದ್ದೇ ಇತ್ತು, ಫೀಡಿನಲ್ಲಿ ದಿನಕ್ಕೆ ನಾಲ್ಕು ಸಲ ಬರೆಯುತ್ತಿದ್ದರಲ್ಲ! ಕೈಗೆ ರೂಢಿಯಾಗಿದ್ದ ಸಣ್ಣ ಬರಹ ಹೋದಮೇಲೆ ದೊಡ್ಡದಕ್ಕೆ ಕೈ ಏಳುತ್ತಿರಲಿಲ್ಲ, ಅಷ್ಟೇ.

ಓದುವ ಕಡೆಯಲ್ಲೂ ಒಂದು ಪೆಟ್ಟು ಬಿತ್ತು. ಬೇರೆ ಬೇರೆ ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ಕೂತು ಓದಲು ಗೂಗಲ್ ರೀಡರ್ ಇತ್ತು. 2013ರ ಜುಲೈ 1ಕ್ಕೆ ಅದನ್ನು ನಿಲ್ಲಿಸಿದರು. ಅದರ ಹಿಂದಿದ್ದ, ಹೊಸ ಬರಹಗಳನ್ನು ಓದುಗರಿಗೆ ತಾನಾಗಿ ತಲುಪಿಸುವ ತಾಂತ್ರಿಕ ವ್ಯವಸ್ಥೆಯಾದ ಆರ್‌ಎಸ್‌ಎಸ್ ಮಾತ್ರ ಎಲ್ಲೂ ಹೋಗಲಿಲ್ಲ. ಪಾಡ್‌ಕಾಸ್ಟ್‌ಗಳು ಓಡುತ್ತಿರುವುದು ಇಂದಿಗೂ ಅದರ ಮೇಲೇ. ಆದರೆ ಬಹಳ ಜನಕ್ಕೆ ರೀಡರ್ ಅಂದರೇ ಆರ್‌ಎಸ್‌ಎಸ್ ಆಗಿತ್ತು. ಅದು ಹೋದಮೇಲೆ 'ಲಿಂಕ್ ಫೀಡಿನಲ್ಲಿ ಹಾಕಿ, ಅಲ್ಲೇ ನೋಡುತ್ತೇವೆ' ಅನ್ನತೊಡಗಿದರು.

ಇಲ್ಲಿಂದ ನಾನು ಮಾಡಿಕೊಂಡ ಏರ್ಪಾಡು. ಏನಾದರೂ ಬರೆಯಬೇಕು ಅನ್ನಿಸಿದಾಗ ನನ್ನನ್ನೇ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮುಂದಿನ ವರ್ಷ ಇದನ್ನು ನಾನೇ ಹುಡುಕುತ್ತೇನಾ? ಹೌದಾದರೆ ಬ್ಲಾಗಿಗೆ. ಇದು ಗೊತ್ತಾಗಬೇಕಾದ ಇಂಥವರು ಅಂತ ಯಾರಾದರೂ ಇದ್ದಾರಾ? ಇದ್ದರೆ ಅವರಿಗೆ ನೇರವಾಗಿ. ಎರಡೂ ಅಲ್ಲದಿದ್ದರೆ ಫೀಡಿಗೆ, ಸುಮ್ನೆ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಸೈಕಲ್ಲಿನ ಹಿಂದಿನ ಗೇರ್ ತಂತಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ನಾನೇ ಕೂತು ಹೊಸ ತಂತಿ ಹಾಕಿದೆ. ಗ್ರೀಸು ಮೆತ್ತಿದ ಕೈಯ ಫೋಟೋ, ಒಂದು ಸಾಲಿನ ಜಂಬ, ಇದು ಫೀಡಿಗೆ. ಬ್ಲಾಗಿಗೆ ಹೋದದ್ದು ಬೇರೆ. ಹಳೆಯ ತಂತಿ ಎಲ್ಲಿ ಸಿಕ್ಕಿಕೊಂಡಿತ್ತು, ಹೊಸದನ್ನು ತೂರಿಸುವ ಮುಂಚೆ ಗೇರನ್ನು ಎಲ್ಲಿಗೆ ತಂದಿಟ್ಟುಕೊಳ್ಳಬೇಕು, ಹೊಸ ತಂತಿ ಒಂದೆರಡು ಸವಾರಿಯಲ್ಲೇ ಸ್ವಲ್ಪ ಸಡಿಲವಾಗುತ್ತದೆ, ಆಗ ಗಾಬರಿಯಾಗದೆ ತಿರುಗಣೆಯನ್ನು ಅರ್ಧ ಸುತ್ತು ತಿರುಗಿಸಿ ತಂತಿಯನ್ನು ಬಿಗಿ ಮಾಡಬೇಕು, ಇಂಥವು. ಈ ಕೆಲಸವನ್ನು ನನಗೆ ಹಿಂದೆ ತೋರಿಸಿಕೊಟ್ಟಿದ್ದ ಗೆಳೆಯನಿಗೆ ಬೇರೆಯಾಗಿ ಎರಡು ಸಾಲು ಕಳಿಸಿದೆ. ಫೀಡಿನ ಫೋಟೋ ಎರಡು ದಿನ ಓಡಾಡಿತು. ಈಗ ನಾನೇ ಹುಡುಕಿದರೂ ಸಿಗುವುದು ಕಷ್ಟ. ಬ್ಲಾಗಿನ ಬರಹಕ್ಕೆ ಮೊದಲ ವಾರ ಹೆಚ್ಚುಕಡಿಮೆ ಯಾರೂ ಬರಲಿಲ್ಲ. ಈಗಲೂ ಅದೇ ಗೇರ್ ತಂತಿ ಕೈಯಲ್ಲಿ ಹಿಡಿದುಕೊಂಡು ಯಾರೋ ಬರುತ್ತಿರುತ್ತಾರೆ.

ಆ ಫೀಡಿನ ಫೋಟೋ ಕೆಳಗೆ ಒಬ್ಬರು ಒಳ್ಳೆಯ ಮಾತು ಬರೆದಿದ್ದರು: ತಂತಿಯ ತುದಿಗೆ ಪುಟ್ಟ ಲೋಹದ ಟೋಪಿ ಹಾಕಿ ಒತ್ತಿಬಿಡಿ, ಇಲ್ಲದಿದ್ದರೆ ಕತ್ತರಿಸಿದ ಕಡೆಯಿಂದ ಮತ್ತೆ ಬಿಚ್ಚಿಕೊಳ್ಳುತ್ತದೆ. ಅದು ನನ್ನ ಬರಹದಲ್ಲಿ ಇರಲಿಲ್ಲ. ಅವರನ್ನು ಕೇಳಿ, ಆ ಮಾತನ್ನು ಬ್ಲಾಗಿನ ಕೊನೆಯಲ್ಲಿ 'ಓದುಗರು ಹೇಳಿದ್ದು' ಅಂತ ಸೇರಿಸಿದೆ. ಈಗ ಇದೇ ಪದ್ಧತಿ. ಬ್ಲಾಗಿನ ಕೆಳಗೆ ಕಾಮೆಂಟ್ ಬರೆಯುವವರು ಕಡಿಮೆಯಾಗಿದ್ದಾರೆ, ಅದು ನಿಜ. ಮಾತು ನಿಂತಿಲ್ಲ, ಚೆಲ್ಲಾಪಿಲ್ಲಿಯಾಗಿದೆ. ಒಂದು ಫೀಡಿನಲ್ಲಿ, ಇನ್ನೊಂದು ವಾಟ್ಸಾಪಿನಲ್ಲಿ, ಮತ್ತೊಂದು ಇಮೇಲಿನಲ್ಲಿ. ತಿಂಗಳಿಗೊಮ್ಮೆ ಅದನ್ನು ಹೆಕ್ಕಿ ತರುವುದು ನನ್ನ ಕೆಲಸ. ಬೇಜಾರಿನ ಕೆಲಸವೇ, ಆದರೂ ಮಾಡುತ್ತೇನೆ.

ಮೊದಲು ಸ್ವಂತ ಜಾಗದಲ್ಲಿ ಪ್ರಕಟಿಸಿ, ಆಮೇಲೆ ಬೇರೆ ಕಡೆ ಹಂಚುವ ಈ ಕ್ರಮ ನಾನು ಕಂಡುಹಿಡಿದದ್ದಲ್ಲ. ಇಂಡಿವೆಬ್ ಎಂಬ ಬಳಗದವರು ಇದನ್ನು ಬಹಳ ಕಾಲದಿಂದ ಹೇಳುತ್ತಾ, ಮಾಡುತ್ತಾ ಬಂದಿದ್ದಾರೆ. ಹಿಂದುಮುಂದಾದರೆ ಕೆಲಸ ಕೆಡುತ್ತದೆ. ಫೀಡಿನಲ್ಲಿ ಮೊದಲು ಹಾಕಿದರೆ, ಆಮೇಲೆ ಬ್ಲಾಗಿಗೆ ತರಲು ಮನಸ್ಸೇ ಬರುವುದಿಲ್ಲ. ಹೇಳಿ ಆಯಿತಲ್ಲ ಅನ್ನಿಸಿಬಿಡುತ್ತದೆ.

ಹಂಚುವಾಗ ಬರೀ ಲಿಂಕ್ ಎಸೆಯುವುದಿಲ್ಲ. ಲಿಂಕ್ ಒತ್ತಿ ಹೊರಗೆ ಹೋಗುವವರು ಕಡಿಮೆ. ಇನ್‌ಸ್ಟಾಗ್ರಾಮಿನಲ್ಲಂತೂ ಫೋಟೋ ಕೆಳಗಿನ ಬರಹದಲ್ಲಿ ಹಾಕಿದ ಲಿಂಕನ್ನು ಒತ್ತಲೂ ಬರುವುದಿಲ್ಲ. ಅದಕ್ಕೇ ಬರಹದ ಒಂದು ಪ್ಯಾರಾ, ತಾನಾಗಿಯೇ ಅರ್ಥವಾಗುವಂಥದ್ದು, ಅಲ್ಲೇ ಪೂರ್ತಿ ಕೊಡುತ್ತೇನೆ. ಓದಿ ಅಲ್ಲಿಗೇ ಬಿಟ್ಟವರಿಗೂ ಏನೋ ಸಿಗಲಿ. 'ಮುಂದೇನಾಯಿತು ಗೊತ್ತಾ? ಲಿಂಕ್ ಒತ್ತಿ' ಅನ್ನುವ ಆಟ ನನಗೆ ಸೇರುವುದಿಲ್ಲ.

ಬರವಣಿಗೆಯ ದನಿಯಲ್ಲೂ ಬದಲಾವಣೆ ಬಂದಿತ್ತು, ಅದು ತಡವಾಗಿ ಕಣ್ಣಿಗೆ ಬಿತ್ತು. ಫೀಡಿನಲ್ಲಿ ಆಫೀಸಿನವರು, ನೆಂಟರು, ಹಳೆಯ ಸಹಪಾಠಿಗಳು, ನೆನ್ನೆ ಪರಿಚಯವಾದವರು ಎಲ್ಲರೂ ಒಟ್ಟಿಗೆ ಕೂತಿರುತ್ತಾರೆ. ಗೆಳೆಯರ ಎದುರು ಆಡುವ ತಮಾಷೆಯನ್ನು ಮೇಲಧಿಕಾರಿಯ ಎದುರು ಆಡಲಾಗುವುದಿಲ್ಲ. ಚಿಕ್ಕಮ್ಮನಿಗೆ ಹೇಳುವ ಬೇಸರ ಸಹೋದ್ಯೋಗಿಗೆ ಬೇಡ. ಹೀಗೆ ಒಂದೊಂದನ್ನೇ ಬಿಡುತ್ತಾ ಹೋದರೆ ಕೊನೆಗೆ ಉಳಿಯುವುದು ಯಾರಿಗೂ ಚುಚ್ಚದ, ಯಾರಿಗೂ ತಟ್ಟದ ಒಂದು ಸಾಲು. ಬ್ಲಾಗಿಗೆ ಬರುವವರು ಓದಲೆಂದೇ ಬಾಗಿಲು ತೆಗೆದು ಬಂದವರು. ಅಲ್ಲಿ ಅನುಮಾನವನ್ನೂ ಬರೆಯಬಹುದು, ಅರ್ಧ ಯೋಚಿಸಿದ್ದನ್ನೂ ಬರೆಯಬಹುದು. ಮಂದಿ ಇರುವ ಜಾಗದಲ್ಲಿ ಬರೆದು ಬರೆದು ನನ್ನ ಬ್ಲಾಗಿನ ಸಾಲುಗಳೂ ಹಾಗೇ ನುಣುಪಾಗಿದ್ದವು. ಅದಕ್ಕೆ ಬ್ಲಾಗಿನ ಭೇಟಿಗಳ ಲೆಕ್ಕ ತೋರಿಸುವ ಗುಂಡಿಯನ್ನು ಕಿತ್ತುಹಾಕಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ಲೈಕುಗಳ ಸಂಖ್ಯೆ ಮುಚ್ಚಿಡುವ ಆಯ್ಕೆ 2021ರಲ್ಲಿ ಬಂತು. ಅದನ್ನೂ ಬಳಸುತ್ತೇನೆ. ಬೇಕಿದ್ದ ಸಣ್ಣ ಬರಹಗಳನ್ನು ಬ್ಲಾಗಿಗೆ ವಾಪಸು ತಂದೆ: ಶೀರ್ಷಿಕೆ ಇಲ್ಲ, ಚಿತ್ರ ಇಲ್ಲ, ನಾಲ್ಕೇ ಸಾಲು. ಕೈ ಸಡಿಲವಾಯಿತು.

ಇದು ಬರವಣಿಗೆಯ ಮಾತಾಯಿತು. ಸಂಪರ್ಕದ ವಿಷಯ ಇದಕ್ಕಿಂತ ತೊಡಕಿನದು.

ಫೀಡ್ ನೋಡುತ್ತಿದ್ದರೆ ಎಲ್ಲರ ಸಮಾಚಾರ ಗೊತ್ತಿದೆ ಅನ್ನಿಸುತ್ತದೆ. ಯಾರಿಗೆ ಮಗುವಾಯಿತು, ಯಾರು ಕೆಲಸ ಬದಲಿಸಿದರು, ಯಾರು ಎಲ್ಲಿಗೆ ಹೋಗಿದ್ದರು. ತೊಂದರೆ ಇರುವುದೇ ಅಲ್ಲಿ. ಗೊತ್ತಿರುವುದರಿಂದ ಯಾರೂ ಕೇಳುವುದಿಲ್ಲ. ಮೊದಲೆಲ್ಲ 'ಹೇಗಿದ್ದೀಯ, ಏನು ಸಮಾಚಾರ' ಅಂತ ಫೋನ್ ಮಾಡುತ್ತಿದ್ದದ್ದು ಗೊತ್ತಿಲ್ಲದ ಕಾರಣಕ್ಕೆ. ಆ ಕಾರಣವನ್ನೇ ಫೀಡ್ ತೆಗೆದುಹಾಕಿತು. ಎಷ್ಟೋ ದಿನಗಳ ಮೇಲೆ ಎದುರಾದ ಗೆಳತಿಯೊಬ್ಬಳಿಗೆ 'ನಿನ್ನ ಪ್ರವಾಸದ ಫೋಟೋ ನೋಡಿದೆ' ಅಂದರೆ, ಅವಳು 'ಹೌದು, ಹೋಗಿದ್ದೆ' ಅನ್ನುತ್ತಾಳೆ. ಮಾತು ಅಲ್ಲಿಗೇ ಮುಗಿಯುತ್ತದೆ, ಅಲ್ವಾ? ಹೇಳಲು ಅವಳಿಗೆ ಏನೂ ಉಳಿದಿಲ್ಲ, ಕೇಳಲು ನನಗೂ ಇಲ್ಲ.

ಇನ್ನೊಂದು, ಹಾಕುವವರು ಮಾತ್ರ ಫೀಡಿನಲ್ಲಿ ಕಾಣುತ್ತಾರೆ. ಸುಮ್ಮನಿರುವವರು ಇಲ್ಲವೇ ಇಲ್ಲ. ಮೊದಲು ದಿನಾ ಏನಾದರೂ ಬರೆಯುತ್ತಿದ್ದ ಗೆಳೆಯನೊಬ್ಬ ಬರೆಯುವುದನ್ನು ನಿಲ್ಲಿಸಿದ್ದ. ನಿಲ್ಲಿಸಿದ ಅಂತ ಫೀಡ್ ಹೇಳಲಿಲ್ಲ, ಅವನ ಜಾಗದಲ್ಲಿ ಬೇರೆಯವರನ್ನು ತೋರಿಸುತ್ತಾ ಹೋಯಿತು. ಅವನ ಕೆಲಸ ಹೋಗಿತ್ತು, ಮನೆಯಲ್ಲಿ ಕಾಯಿಲೆ ಇತ್ತು. ಬೇರೊಬ್ಬರ ಬಾಯಿಂದ ಗೊತ್ತಾಗಿ ಫೋನ್ ಮಾಡಿದಾಗ ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. 'ನೀನೂ ಬ್ಯುಸಿ ಇದ್ದೆ ಅನ್ನಿಸುತ್ತೆ, ಫೋಟೋಗಳು ಬರ್ತಾ ಇದ್ದವಲ್ಲ' ಅಂದ. ಚೆನ್ನಾಗಿರುವವರ ಫೋಟೋಗಳನ್ನು ಅವನು ನೋಡುತ್ತಲೇ ಇದ್ದ.

ಅದಾದ ಮೇಲೆ ಒಂದು ಪಟ್ಟಿ ಮಾಡಿದೆ. ಮನಃಶಾಸ್ತ್ರಜ್ಞ ರಾಬಿನ್ ಡನ್‌ಬರ್ ಮನುಷ್ಯ ಸುಮಾರು 150 ಜನರ ಜೊತೆ ಸಂಬಂಧ ನಿಭಾಯಿಸಬಲ್ಲ ಎಂದರು. ಅದರೊಳಗೆ 5, 15, 50 ಎಂದು ಒಳಸುತ್ತುಗಳಿವೆ ಎಂಬುದೂ ಅವರ ವಾದ. ಈ ಸಂಖ್ಯೆಗಳ ಬಗ್ಗೆ ವಿದ್ವಾಂಸರ ನಡುವೆ ಜಗಳ ಇದೆ. ನನಗೆ ಸಂಖ್ಯೆಗಿಂತ ಸುತ್ತುಗಳ ಯೋಚನೆ ಉಪಯೋಗಕ್ಕೆ ಬಂತು. ಫೀಡ್ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತದೆ, ನಾನು ಹಾಗೆ ಕೂರಿಸಬೇಕಿಲ್ಲ. ಒಂದು ನೋಟ್‌ಬುಕ್‌ನಲ್ಲಿ ಹತ್ತಿರದವರ ಹೆಸರು ಬರೆದೆ, ಪಕ್ಕದಲ್ಲಿ ಕೊನೆಯ ಸಲ ಮಾತಾಡಿದ ತಿಂಗಳು. ನೆಂಟಸ್ತಿಕೆಗೆ ಲೆಕ್ಕದ ಪುಸ್ತಕವೇ ಅಂತ ಮನೆಯಲ್ಲಿ ನಕ್ಕರು. ನಗಲಿ. ಆ ಪುಟ ತೆರೆದರೆ ಯಾರು ಸುಮ್ಮನಾಗಿದ್ದಾರೆ ಅಂತ ಕಾಣುತ್ತದೆ. ಅದನ್ನು ಯಾವ ಆ್ಯಪೂ ನನಗೆ ತೋರಿಸಿರಲಿಲ್ಲ.

ಪಟ್ಟಿಯಲ್ಲಿರುವವರು ಏನಾದರೂ ಹಾಕಿದರೆ ಅಲ್ಲಿ ಲೈಕ್ ಒತ್ತುವುದಿಲ್ಲ. ಅವರಿಗೇ ಬೇರೆಯಾಗಿ ಬರೆಯುತ್ತೇನೆ, ಅದರಲ್ಲಿ ಒಂದು ಪ್ರಶ್ನೆ ಇರಲೇಬೇಕು. 'ಸೂಪರ್' ಅಂದರೆ ಅವರು 'ಥ್ಯಾಂಕ್ಸ್' ಅನ್ನುತ್ತಾರೆ, ಮುಗಿಯಿತು. 'ಅಷ್ಟು ಮೇಲೆ ಹತ್ತುವಾಗ ನಿನ್ನ ಮಂಡಿ ಏನಂದಿತು?' ಅಂದರೆ ಅರ್ಧ ಗಂಟೆಯ ಮಾತು. ಹುಟ್ಟುಹಬ್ಬದ ನೆನಪೋಲೆಗಳನ್ನು ಆಫ್ ಮಾಡಿ, ಪಟ್ಟಿಯವರ ದಿನಗಳನ್ನು ನನ್ನ ಕ್ಯಾಲೆಂಡರಿಗೆ ಬರೆದುಕೊಂಡೆ. ನೂರು ಜನರ ಶುಭಾಶಯದ ಜೊತೆ ನನ್ನದೊಂದು ಸೇರುವುದಕ್ಕಿಂತ, ಮಾರನೇ ದಿನ ಗದ್ದಲ ಇಳಿದ ಮೇಲೆ ಫೋನ್ ಮಾಡುವುದು ಮೇಲು ಅನ್ನಿಸಿದೆ.

ಸ್ವಲ್ಪ ದೂರದವರಿಗೆ ಇಮೇಲ್. ಎರಡು ಮೂರು ತಿಂಗಳಿಗೊಮ್ಮೆ ಒಂದು ಪತ್ರ ಬರೆದು, ಕೇಳಿದವರಿಗೆ ಮಾತ್ರ ಕಳಿಸುತ್ತೇನೆ. ಬ್ಲಾಗಿನಲ್ಲಿ ಬಂದದ್ದರ ಕೊಂಡಿಗಳು, ಜೊತೆಗೆ ಬ್ಲಾಗಿಗೆ ಹಾಕಲಾಗದ ಮನೆಯ ಮಾತು. ಇದರ ಗುಣ ಇರುವುದು ಉತ್ತರದಲ್ಲಿ. ಬರೆದ ಉತ್ತರ ನನಗೊಬ್ಬನಿಗೇ ಬರುತ್ತದೆ, ಸಭೆ ಇಲ್ಲ. ಬ್ಲಾಗಿನಲ್ಲಿ ಒಂದು ಕಾಮೆಂಟೂ ಹಾಕದವರು ಇಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯೂ ಹೀಗೇ ಕೆಲಸ ಮಾಡುತ್ತದೆ, ಉತ್ತರ ನಮಗೆ ಮಾತ್ರ ಕಾಣುತ್ತದೆ. ಆದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಅದು ತಲುಪುತ್ತದೆ.

ಹಾಗಂತ ಫೀಡ್ ಬಿಟ್ಟುಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಒಂದು ಮಾತು ತೋರಿಸಿದ್ದರು: ಹೊಸ ಕೆಲಸದ ಸುದ್ದಿಯಂಥದ್ದು ಆಪ್ತರಿಗಿಂತ ಅಲ್ಪಸ್ವಲ್ಪ ಪರಿಚಯದವರಿಂದ ಬರುವುದು ಹೆಚ್ಚು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ. ಆ ಅಲ್ಪಸ್ವಲ್ಪ ಪರಿಚಯಗಳನ್ನು ಉಳಿಸಿಕೊಳ್ಳಲು ಫೀಡಿಗಿಂತ ಸುಲಭದ ದಾರಿ ಇಲ್ಲ. ಶಾಲೆಯ ನಂತರ ಕಳೆದುಹೋಗಿದ್ದವರು ನನಗೆ ಸಿಕ್ಕಿದ್ದೂ ಅಲ್ಲೇ. ಫೋನಿನಲ್ಲಿ ಮೂರು ದಿನಕ್ಕೊಮ್ಮೆ ಫೀಡ್ ತೆರೆಯುವ ವೇಳೆ ಇಟ್ಟುಕೊಂಡಿದ್ದೇನೆ, ಆ ಕೆಲಸಕ್ಕೆ ಅಷ್ಟು ಸಾಕು. ಬೇರೆಯವರ ಬ್ಲಾಗುಗಳನ್ನು ಮತ್ತೆ ಆರ್‌ಎಸ್‌ಎಸ್‌ನಲ್ಲೇ ಓದುತ್ತೇನೆ. ಅದಕ್ಕೆ ಫೀಡ್ಲಿ, ಇನೋರೀಡರ್ ತರಹದ ಆ್ಯಪ್‌ಗಳು ಇವೆ. ವರ್ಡ್‌ಪ್ರೆಸ್ ಬ್ಲಾಗಾದರೆ ವಿಳಾಸದ ಕೊನೆಗೆ /feed ಎಂದು ಸೇರಿಸಿದರೆ ಸಾಮಾನ್ಯವಾಗಿ ಅದರ ಆರ್‌ಎಸ್‌ಎಸ್ ಕೊಂಡಿ ಸಿಗುತ್ತದೆ. ಬರೆದವರ ಹೊಸ ಬರಹ ಬರೆದ ಕ್ರಮದಲ್ಲೇ ಬರುತ್ತದೆ. ಯಾರದು ಮೇಲೆ, ಯಾರದು ಕೆಳಗೆ ಅಂತ ನಡುವೆ ಯಾರೂ ತೀರ್ಮಾನ ಮಾಡುವುದಿಲ್ಲ.

ಬರೆದದ್ದನ್ನು ಕಾಪಿಡುವ ಬಗ್ಗೆಯೂ ಒಂದು ಮಾತು. ಜನ ತಮ್ಮ ವೆಬ್ ಪುಟ ಮಾಡಿಕೊಳ್ಳುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಸಾಮಾಜಿಕ ಜಾಲತಾಣಗಳಲ್ಲಿ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ, ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ. ಹಾಗಾಗಿ ಬ್ಲಾಗಿಗೆ ಸ್ವಂತ ಡೊಮೇನ್, ಅಂದರೆ ನನ್ನದೇ ವೆಬ್ ವಿಳಾಸ, ತಗೊಂಡೆ. ಜಾಗ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಆಗಾಗ ಬರಹಗಳನ್ನೆಲ್ಲ ಒಂದು ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಇಡುತ್ತೇನೆ. ವರ್ಡ್‌ಪ್ರೆಸ್ಸಿನ ಆ ಫೈಲಿನಲ್ಲಿ ಬರಹ ಇರುತ್ತದೆ, ಚಿತ್ರಗಳ ವಿಳಾಸ ಮಾತ್ರ ಇರುತ್ತದೆ. ಚಿತ್ರಗಳನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಜಾಲತಾಣಗಳಿಂದಲೂ ನಮ್ಮ ಮಾಹಿತಿ ಇಳಿಸಿಕೊಳ್ಳಬಹುದು. ನಾನು ಹಾಗೆ ಇಳಿಸಿಕೊಂಡ ಒಂದರಲ್ಲಿ ನನ್ನ ಕಾಮೆಂಟುಗಳು ಸಾಲಾಗಿ ಸಿಕ್ಕವು: 'ಹೌದು ಹೌದು', 'ಅಯ್ಯೋ ಯಾವಾಗ?', 'ನಾಳೆ ಹೇಳ್ತೀನಿ'. ಯಾವುದಕ್ಕೆ ಹಾಗೆ ಅಂದೆ ಅನ್ನುವುದು ಅದರಲ್ಲಿ ಇರಲಿಲ್ಲ.

ಇನ್ನೂ ಸರಿಯಾಗಿ ಬಗೆಹರಿಯದೆ ಉಳಿದಿರುವುದು ಫೋಟೋಗಳ ವಿಷಯ. ಬ್ಲಾಗಿನಲ್ಲಿ ಹಾಕಿದ್ದು ಹುಡುಕುಯಂತ್ರಕ್ಕೆ ಸಿಗುತ್ತದೆ, ವರ್ಷಗಟ್ಟಲೆ ಇರುತ್ತದೆ. ನನ್ನ ಬರಹಕ್ಕೆ ಅದೇ ಬೇಕು, ಗೆಳೆಯರ ಮಕ್ಕಳ ಮುಖಕ್ಕೆ ಅದು ಬೇಡ. ಸದ್ಯಕ್ಕೆ ಮನುಷ್ಯರಿರುವ ಫೋಟೋಗಳನ್ನು ಬ್ಲಾಗಿಗೆ ಹಾಕುವ ಮುಂಚೆ ಅದರಲ್ಲಿರುವವರನ್ನು ಕೇಳುತ್ತೇನೆ. ಮಕ್ಕಳದ್ದಾದರೆ ಅವರ ಅಪ್ಪ ಅಮ್ಮನಿಗೆ ಕಳಿಸಿ ಸುಮ್ಮನಾಗುತ್ತೇನೆ. ಎಷ್ಟೋ ಸಲ ಹಾಗೆ ಕಳಿಸಿದ ಫೋಟೋಗೇ ಫೋನ್ ಬರುತ್ತದೆ.