ಹಗುರ ಕಾರಿಗೆ ಹೊಂದುವ ಬ್ರೇಕ್ ಪ್ಯಾಡ್: ನನ್ನ ಅನುಭವ

ಇಂಗ್ಲೆಂಡಿಗೆ ಕೆಲಸದ ಮೇಲೆ ಬಂದು ನೆಲೆಸಿದ ಮೇಲೆ ನಾನು ಕೊಂಡದ್ದು ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. 1.6 ಲೀಟರ್ ಎಂಜಿನ್, ಹೆಚ್ಚುಕಡಿಮೆ 950 ಕೆ.ಜಿ. ತೂಕ, ಮುಂದೆ 235 ಮಿ.ಮೀ. ಡಿಸ್ಕ್ (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆ; ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡುಗಳೇ ಪ್ಯಾಡ್), ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ವಾರದ ದಿನಗಳಲ್ಲಿ ಆಫೀಸಿಗೆ ಹೋಗುವ ಇದೇ ಕಾರನ್ನು ಬೇಸಿಗೆಯ ಭಾನುವಾರಗಳಲ್ಲಿ ಹವ್ಯಾಸಿಗಳ ಸ್ಪ್ರಿಂಟ್ ಸ್ಪರ್ಧೆಗಳಿಗೂ ರೇಸ್ ಟ್ರ್ಯಾಕ್‌ನಲ್ಲಿ ನಮ್ಮ ಕಾರನ್ನೇ ಓಡಿಸಲು ಬಿಡುವ ಟ್ರ್ಯಾಕ್ ಡೇಗಳಿಗೂ ಒಯ್ಯುತ್ತೇನೆ. ಇದಕ್ಕೆ ಸರಿಯಾದ ಬ್ರೇಕ್ ಪ್ಯಾಡ್ ಯಾವುದೆಂದು ಗೊತ್ತುಮಾಡಿಕೊಳ್ಳಲು ನನಗೆ ಎರಡು ಬೇಸಿಗೆಗಳು ಹಿಡಿದವು.

ಮೊದಲ ಪಾಠ ಸಿಕ್ಕಿದ್ದು ವಿಲ್ಟ್‌ಶೈರಿನ ಕ್ಯಾಸಲ್ ಕೂಂಬ್‌ನಲ್ಲಿ. ಎರಡನೆಯ ಮಹಾಯುದ್ಧದ ವಿಮಾನ ನಿಲ್ದಾಣದ ಅಂಚಿನ ರಸ್ತೆಯೇ ಮುಂದೆ ರೇಸ್ ಟ್ರ್ಯಾಕ್ ಆದ ಸ್ಥಳ ಅದು. 1950ರಿಂದ ಅಲ್ಲಿ ರೇಸುಗಳು ನಡೆಯುತ್ತಿವೆ. ಅಲ್ಲಿ ಏವನ್ ರೈಸ್ ಎಂಬ ದಿಬ್ಬ ದಾಟುವಾಗ ಕಾರು ಒಂದು ಕ್ಷಣ ಹಗುರಾಗುತ್ತದೆ, ಅದು ನೆಲಕ್ಕೆ ಕೂರುವಷ್ಟರಲ್ಲೇ ಕ್ವಾರಿ ತಿರುವಿಗಾಗಿ ಜೋರಾಗಿ ಬ್ರೇಕ್ ಒತ್ತಬೇಕಾಗುತ್ತದೆ. ಕಂಪನಿಯಿಂದ ಬಂದ ಸಾಧಾರಣ ಪ್ಯಾಡ್‌ಗಳು ಮೂರು ಸುತ್ತು ಚೆನ್ನಾಗಿಯೇ ಹಿಡಿದವು. ನಾಲ್ಕನೆಯ ಸುತ್ತಿನಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ಆದರೆ ಕಾರು ನಿಧಾನವಾಗಲಿಲ್ಲ. ತಿರುವನ್ನು ಅಗಲವಾಗಿ ಬಳಸಿ ಹೇಗೋ ಪಾರಾಗಿ ಪಿಟ್‌ಗೆ ಬಂದಾಗ ಮುಂದಿನ ಚಕ್ರಗಳಿಂದ ಲೈನರ್ ಸುಟ್ಟ ವಾಸನೆ ಹೊಡೆಯುತ್ತಿತ್ತು. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಬಸ್ಸಿನಲ್ಲಿ ಕೂತು ಊರಿಗೆ ಹೋಗಿ ಬಂದವರಿಗೆಲ್ಲ ಈ ವಾಸನೆ ಗೊತ್ತು.

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಲೇಬೇಕು. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಸೋತಿರುವುದು ಪ್ಯಾಡ್. ಅದನ್ನು ಹಿಡಿದಿಟ್ಟಿರುವ ರಾಳ ಅತಿಯಾದ ಬಿಸಿಗೆ ಒಡೆದು ಅನಿಲವಾಗಿ, ಪ್ಯಾಡ್ ಮತ್ತು ಡಿಸ್ಕ್ ನಡುವೆ ಸೇರಿಕೊಂಡು ಹಿಡಿತವನ್ನು ಕಳೆಯುತ್ತದೆ. ಪೆಡಲ್ ಮೆತ್ತಗಾಗಿ ಕೆಳಗೆ ಇಳಿಯುತ್ತ ಹೋದರೆ ಕುದಿದಿರುವುದು ಪೆಡಲ್‌ನ ಒತ್ತಡವನ್ನು ಪ್ಯಾಡ್‌ಗೆ ಮುಟ್ಟಿಸುವ ಬ್ರೇಕ್ ಆಯಿಲ್. ಎರಡನೆಯದಕ್ಕೆ ಎಷ್ಟೇ ಒಳ್ಳೆಯ ಪ್ಯಾಡ್ ಹಾಕಿದರೂ ಪ್ರಯೋಜನವಿಲ್ಲ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್ ಗಾಳಿಯ ತೇವವನ್ನು ಹೀರಿಕೊಂಡ ಮೇಲೆ ಈ ಮಿತಿ 155ಕ್ಕೆ ಇಳಿಯುತ್ತದೆ. ಆದ್ದರಿಂದ ಪ್ಯಾಡ್‌ನ ಯೋಚನೆಗೆ ಮೊದಲೇ ನಾನು ಆಯಿಲ್ ಪೂರ್ತಿ ಬದಲಿಸಿದೆ, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ಗಳ ಜಾರುಪಿನ್‌ಗಳನ್ನು ಬಿಚ್ಚಿ ಒರೆಸಿ ಗ್ರೀಸ್ ಹಚ್ಚಿದೆ. ಎಡಗಡೆಯ ಒಂದು ಪಿನ್ ತುಕ್ಕು ಹಿಡಿದು ಅಲುಗಾಡದಂತಾಗಿತ್ತು. ಆ ಕಡೆಯ ಹೊರಗಿನ ಪ್ಯಾಡ್ ಹೊಸದರಂತೆಯೇ ದಪ್ಪವಾಗಿದ್ದರೆ ಒಳಗಿನದು ಅರ್ಧಕ್ಕಿಂತ ಹೆಚ್ಚು ಸವೆದಿತ್ತು.

ಆಮೇಲೆ ಮಾಡಿದ್ದು ತಪ್ಪು. ಭಾರದ ಸಲೂನ್ ಕಾರಿನಲ್ಲಿ ರೇಸ್ ಮಾಡುವ ಗೆಳೆಯರೊಬ್ಬರು ತಮಗೆ ಬಹಳ ಒಗ್ಗಿದ್ದ ಅಪ್ಪಟ ರೇಸಿಂಗ್ ಪ್ಯಾಡ್‌ಗಳನ್ನು ಹಾಕಿಸಲು ಹೇಳಿದರು, ನಾನು ಹಾಕಿಸಿದೆ. ಮುಂದಿನ ವಾರ ಸ್ಟಾಫರ್ಡ್‌ಶೈರಿನ ಕರ್ಬರೋದಲ್ಲಿ ಸ್ಪ್ರಿಂಟ್ ಇತ್ತು. ಸ್ಪ್ರಿಂಟ್ ಎಂದರೆ ಕಾರು ಒಂದೊಂದಾಗಿ ನಿಂತಲ್ಲಿಂದ ಹೊರಟು ಗಡಿಯಾರದ ವಿರುದ್ಧ ಓಡಬೇಕು. ಕರ್ಬರೋದಲ್ಲಿ ಒಂದು ಸುತ್ತು ಒಂದು ನಿಮಿಷದೊಳಗೆ ಮುಗಿಯುತ್ತದೆ. ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತು ತಣ್ಣಗಾಗಿದ್ದ ಆ ಪ್ಯಾಡ್‌ಗಳು ಮೊದಲ ತಿರುವಿನಲ್ಲಿ ಮರದ ತುಂಡುಗಳಂತೆ ವರ್ತಿಸಿದವು. ಕಾರು ನೇರವಾಗಿ ಹುಲ್ಲಿನ ಮೇಲೆ ಹೋಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ನನ್ನ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಆ ರಾತ್ರಿ ಕಾಗದ ಹಿಡಿದು ಲೆಕ್ಕ ಹಾಕಿದೆ. ನಾನೂ ಸೇರಿ ಸುಮಾರು 1,000 ಕೆ.ಜಿ. ತೂಗುವ ಕಾರನ್ನು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದರೆ ಸುಮಾರು 740 ಕಿಲೋಜೂಲ್ ಶಕ್ತಿಯನ್ನು ಬಿಸಿಯಾಗಿ ಹೊರಹಾಕಬೇಕು, ಅಂದರೆ ಎರಡು ಲೀಟರಿಗಿಂತ ತುಸು ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟು. ಗೆಳೆಯರ 1,600 ಕೆ.ಜಿ. ಕಾರಿನಲ್ಲಿ ಅದೇ ತಿರುವಿಗೆ ಇದರ ಒಂದೂವರೆ ಪಟ್ಟಿಗೂ ಮೀರಿದ ಬಿಸಿ ಹುಟ್ಟುತ್ತದೆ, ವೇಗವೂ ಹೆಚ್ಚಿರುವುದರಿಂದ ಇನ್ನಷ್ಟು. ಅವರ ಡಿಸ್ಕ್‌ಗಳು ಸದಾ ಕಾದಿರುತ್ತವೆ. ಬಿಸಿಯಾದ ಮೇಲೆಯೇ ಕೆಲಸ ಶುರುಮಾಡುವ ಪ್ಯಾಡ್ ಅವರಿಗೆ ಸರಿ. ನನ್ನ ಕಾರು ಆ ಬಿಸಿಯನ್ನು ಹುಟ್ಟಿಸುವುದೇ ಇಲ್ಲ. ಹಗುರ ಕಾರಿಗೆ ಪ್ಯಾಡ್ ಆರಿಸುವವರು ಅದು ಎಷ್ಟು ಬಿಸಿ ತಡೆಯುತ್ತದೆ ಎಂಬುದಕ್ಕಿಂತ ಮೊದಲು ಎಷ್ಟು ಬಿಸಿಯಿಂದ ಹಿಡಿಯಲು ತೊಡಗುತ್ತದೆ ಎಂಬುದನ್ನು ನೋಡಬೇಕು.

ಊಹೆಯನ್ನು ಬಿಟ್ಟು ಅಳೆಯಲು ನಿರ್ಧರಿಸಿದೆ. ಬಿಸಿಗೆ ಬಣ್ಣ ಬದಲಿಸುವ ಥರ್ಮಲ್ ಪೇಂಟ್ ಸಿಗುತ್ತದೆ: ಹಸಿರು 430 ಡಿಗ್ರಿಯಲ್ಲಿ, ಕಿತ್ತಳೆ 560ರಲ್ಲಿ, ಕೆಂಪು 610ರಲ್ಲಿ ಬಣ್ಣ ಬದಲಿಸುತ್ತದೆ. ಡಿಸ್ಕ್‌ನ ಹೊರ ಅಂಚನ್ನು ಎಮರಿ ಕಾಗದದಿಂದ ಉಜ್ಜಿ, ಮೂರೂ ಬಣ್ಣಗಳ ಬೊಟ್ಟುಗಳನ್ನು ಪಕ್ಕಪಕ್ಕ ಇಟ್ಟೆ. ಕರ್ಬರೋದಲ್ಲಿ ಇಡೀ ದಿನ ಓಡಿದರೂ ಹಸಿರು ಬೊಟ್ಟು ಹಸಿರಾಗಿಯೇ ಉಳಿಯಿತು. ಕ್ಯಾಸಲ್ ಕೂಂಬ್‌ನಲ್ಲಿ ಹದಿನೈದು ನಿಮಿಷದ ಓಟದ ನಂತರ ಹಸಿರು ಬೆಳ್ಳಗಾಗಿತ್ತು, ಕಿತ್ತಳೆ ಹಾಗೆಯೇ ಇತ್ತು. ಅಂದರೆ ನನ್ನ ಮುಂದಿನ ಡಿಸ್ಕ್ ಮುಟ್ಟುವ ಗರಿಷ್ಠ ಬಿಸಿ 430 ಮತ್ತು 560ರ ನಡುವೆ. (ಇನ್‌ಫ್ರಾರೆಡ್ ಥರ್ಮಾಮೀಟರನ್ನೂ ಬಳಸಿ ನೋಡಿದೆ, ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುವುದರಿಂದ ಅದನ್ನು ನಂಬಿ ಪ್ಯಾಡ್ ಕೊಳ್ಳಬಾರದು.)

ಹೀಗೆ ನನಗೆ ಬೇಕಾದದ್ದು ತಣ್ಣಗಿದ್ದಾಗಲೇ ಹಿಡಿಯುವ, 500 ಡಿಗ್ರಿಯ ಆಸುಪಾಸಿನಲ್ಲೂ ಸೋಲದ ಮಧ್ಯಮ ದರ್ಜೆಯ ಪ್ಯಾಡ್ ಎಂದು ಸ್ಪಷ್ಟವಾಯಿತು. ಮುಂದಿನ ಚಕ್ರಗಳಿಗೆ ಫೆರೋಡೊ ಕಂಪನಿಯ ಡಿಎಸ್ 2500 ಪ್ಯಾಡ್ ಹಾಕಿದೆ. ಅದರ ಘರ್ಷಣಾಂಕ (ಹಿಡಿತದ ಅಳತೆ) ಸರಾಸರಿ 0.42, ಅತಿ ಜೋರಾಗಿ ಕಚ್ಚುವ ಪ್ಯಾಡ್ ಅದಲ್ಲ, ಆದರೆ ಕಾಲಿನ ಒತ್ತಡ ಹೆಚ್ಚಿಸಿದಷ್ಟೇ ಹಿಡಿತ ಹೆಚ್ಚುತ್ತದೆ. ಎಬಿಎಸ್ ಇಲ್ಲದ ಕಾರಿನಲ್ಲಿ ಇದೇ ಮುಖ್ಯ, ಏಕೆಂದರೆ ಚಕ್ರ ಲಾಕ್ ಆಗುವ ಅಂಚನ್ನು ಕಾಲೇ ಗುರುತಿಸಬೇಕು.

ಹಿಂದಿನ ಚಕ್ರಗಳ ಪ್ಯಾಡ್‌ಗಳ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಂಡೆ. ಮೊದಲು ಹಿಂದಕ್ಕೂ ಅದೇ ಡಿಎಸ್ 2500 ಹಾಕಿದ್ದೆ. ಒಣ ರಸ್ತೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಆದರೆ ಏವನ್ ರೈಸ್ ದಾಟಿ ಹಿಂಬದಿ ಹಗುರಾದ ಕ್ಷಣದಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಒಂದು ಚಕ್ರ ಲಾಕ್ ಆಗಿ ಕಾರಿನ ಬಾಲ ಪಕ್ಕಕ್ಕೆ ಸರಿಯಿತು. ಮುಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ನೇರ ಹೋಗುತ್ತದೆ, ಪೆಡಲ್ ಸಡಿಲಿಸಿದರೆ ಮಾತು ಕೇಳುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ತಿರುಗಿ ನಿಲ್ಲುತ್ತದೆ. ಹಿಂದಕ್ಕೆ ಒಂದು ಮೆಟ್ಟಿಲು ಕಡಿಮೆ ಹಿಡಿತದ ಪ್ಯಾಡ್ ಹಾಕಿದ ಮೇಲೆ ಆ ಭಯ ಹೋಯಿತು. ಈ ಕಾರಿನ ಹ್ಯಾಂಡ್‌ಬ್ರೇಕ್ ಕೂಡ ಅದೇ ಹಿಂದಿನ ಪ್ಯಾಡ್‌ಗಳನ್ನೇ ಒತ್ತುವುದರಿಂದ, ತಣ್ಣಗಿದ್ದಾಗ ಹಿಡಿಯದ ರೇಸಿಂಗ್ ಪ್ಯಾಡ್ ಅಲ್ಲಿದ್ದರೆ ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ಜಾರಬಹುದು.

ಹೊಸ ಪ್ಯಾಡ್ ಹಾಕಿದ ಕೂಡಲೇ ಟ್ರ್ಯಾಕ್‌ಗೆ ಹೋಗಬಾರದು. ಹಳೆಯ ಪ್ಯಾಡ್‌ನ ಪದರವನ್ನು ಡಿಸ್ಕ್‌ನಿಂದ ಉಜ್ಜಿ ತೆಗೆದು, ನಸುಕಿನಲ್ಲಿ ಖಾಲಿ ರಸ್ತೆಗೆ ಹೋಗಿ, ಗಂಟೆಗೆ 80 ಕಿ.ಮೀ. ವೇಗದಿಂದ 20ಕ್ಕೆ ಹತ್ತು ಹನ್ನೆರಡು ಬಾರಿ, ಪ್ರತಿ ಸಲ ತುಸು ಹೆಚ್ಚು ಒತ್ತುತ್ತ ಇಳಿಸುತ್ತೇನೆ, ಪೂರ್ತಿ ನಿಲ್ಲಿಸುವುದಿಲ್ಲ. ಕಾದ ಪ್ಯಾಡ್ ಡಿಸ್ಕ್‌ಗೆ ಒತ್ತಿಕೊಂಡು ನಿಂತರೆ ಅಲ್ಲಿ ಪ್ಯಾಡ್‌ನ ಅಚ್ಚು ಉಳಿದು, ಮುಂದೆ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಸೊಟ್ಟಗಾಗಿದೆ ಎಂದು ಅನೇಕರು ಎಸೆಯುವುದು ಇಂಥ ಅಚ್ಚಿನಿಂದಾಗಿಯೇ. ನಂತರ ಹದಿನೈದು ನಿಮಿಷ ಬ್ರೇಕ್ ಹೆಚ್ಚು ಮುಟ್ಟದೆ ಓಡಿಸಿ ತಣಿಸಿದರೆ ಡಿಸ್ಕ್ ಮೇಲೆ ಸಮವಾದ ಬೂದು-ನೀಲಿ ಛಾಯೆ ಕಾಣಿಸುತ್ತದೆ.

ಈ ಜೋಡಣೆಯಲ್ಲಿ ಇದು ಎರಡನೆಯ ಬೇಸಿಗೆ. ಮುಂದಿನ ಪ್ಯಾಡ್‌ಗಳು ಈಗ ಅರ್ಧ ಸವೆದಿವೆ; ತೆಳುವಾದಷ್ಟೂ ಡಿಸ್ಕ್‌ನ ಬಿಸಿ ಪ್ಯಾಡನ್ನು ಒತ್ತುವ ಪಿಸ್ಟನ್ ದಾಟಿ ಆಯಿಲ್‌ಗೆ ಬೇಗ ತಲುಪುವುದರಿಂದ, ಇವನ್ನು ಆಫೀಸಿನ ಓಡಾಟಕ್ಕೆ ಉಳಿಸಿಕೊಂಡು ಮುಂದಿನ ಕ್ಯಾಸಲ್ ಕೂಂಬ್ ದಿನಕ್ಕೆ ಹೊಸ ಜೊತೆಯನ್ನು ತರಿಸಿಟ್ಟಿದ್ದೇನೆ.