ಒಂದೇ ಆಲ್ಟೋದಲ್ಲಿ ತೋಡಿಯೂ ಬ್ಲೂಸೂ: ನನ್ನ ಅನುಭವ

ಒಂದೇ ಆಲ್ಟೋ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತದ ತೋಡಿ ರಾಗವನ್ನೂ ಜಾಝ್ ಕಡೆಯ ಬ್ಲೂಸನ್ನೂ ನುಡಿಸಲು ಹೊರಟರೆ ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗಾಗುತ್ತದೆ ಎಂದು ಕರಾವಳಿಯ ಮದುವೆ ವಾದ್ಯದ ಸೆಟ್ಟಿನವರೂ ಹೇಳಿದರು, ಬೆಂಗಳೂರಿನ ಜಾಝ್ ಗೆಳೆಯರೂ ಹೇಳಿದರು. ಈಗ ನನ್ನಲ್ಲಿ ಕಲಿಯುವ ಇಪ್ಪತ್ತು ಚಿಲ್ಲರೆ ಮಂದಿಯಲ್ಲಿ ಏಳೆಂಟು ಜನ ಅದೇ ವಾದ್ಯ, ಅದೇ ಮೌತ್‌ಪೀಸು, ಅದೇ ರೀಡಿನಲ್ಲಿ (ಊದಿದಾಗ ಕಂಪಿಸುವ ತೆಳು ಪಟ್ಟಿ) ಎರಡನ್ನೂ ನುಡಿಸುತ್ತಾರೆ. ತೋಡಿ ಕೇಳಿದವರು ಬ್ಯಾಂಡಿನ ವಾಸನೆ ಇದೆ ಎನ್ನುವುದಿಲ್ಲ, ಬ್ಲೂಸ್ ಕೇಳಿದವರು ನಾಗಸ್ವರದಂತಿದೆ ಎನ್ನುವುದಿಲ್ಲ. ಹಾಗಾಗಿ ಬರೆಯುವ ಧೈರ್ಯ ಬಂದಿದೆ. ಸ್ಯಾಕ್ಸೋಫೋನ್ ಹಿಡಿದವರಿಗಾಗಿ ಬರೆಯುತ್ತಿದ್ದೇನೆ. ಬೆರಳು ಎಲ್ಲಿಡಬೇಕು, ಮೇಳಕರ್ತ ಎಂದರೇನು ಎಂದು ವಿವರಿಸಲು ಹೋಗುವುದಿಲ್ಲ.

ಕರ್ನಾಟಕ ಸಂಗೀತಕ್ಕೆ ಈ ವಾದ್ಯ ಒಗ್ಗುತ್ತದೆಂದು ತೋರಿಸಿಕೊಟ್ಟವರು ಕದ್ರಿ ಗೋಪಾಲನಾಥರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ನಾಗಸ್ವರ ಮನೆತನದ ಹುಡುಗ, 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆ ಹತ್ತಿದರು. ಜಾಝ್ ಕಡೆಯಿಂದ ಈ ಕಡೆಗೆ ಬಂದವರು ಚಾರ್ಲಿ ಮರಿಯಾನೊ. ಆಲ್ಟೋದಲ್ಲಿ ಹೆಸರು ಮಾಡಿದ್ದವರು ನಾಗಸ್ವರವನ್ನೂ ಕಲಿತರು; ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಂದಿಗೆ ‘ಜ್ಯೋತಿ’ ಧ್ವನಿಮುದ್ರಿಕೆ ಮಾಡಿದರು. 2008ರಲ್ಲಿ ಬಂದ ಧ್ವನಿಮುದ್ರಿಕೆ ‘ಕಿನ್ಸ್‌ಮೆನ್’ನಲ್ಲಿ ಕದ್ರಿಯವರ ಆಲ್ಟೋ, ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪನವರ ಆಲ್ಟೋ ಎರಡೂ ಅಕ್ಕಪಕ್ಕ ಇವೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಇಬ್ಬರೂ ಸ್ವರವನ್ನು ಹಿಡಿಯುವ ರೀತಿಯೇ ಬೇರೆ ಎಂದು ಗೊತ್ತಾಗುತ್ತದೆ. ಆ ಎರಡು ರೀತಿಯೂ ಒಂದೇ ಬಾಯಲ್ಲಿ ಬರಬೇಕು ಎಂಬುದು ನನ್ನ ಹಟ.

ಕದ್ರಿಯವರು ವಾದ್ಯವನ್ನೇ ತಮಗೆ ಬೇಕಾದಂತೆ ತಿದ್ದಿಕೊಂಡವರು. ನಾನೂ ಮೊದಲು ವಾದ್ಯಕ್ಕೇ ಕೈ ಹಾಕಿ ಸುಮಾರು 40 ಸಾವಿರ ಕಳೆದೆ. ಜಾರು (ಸ್ವರದಿಂದ ಸ್ವರಕ್ಕೆ ಜಾರುವುದು) ಸಣ್ಣದಾಗಿ, ನಯವಾಗಿ ಬರಲಿ ಎಂದು ಕಾರ್ಕ್ ಅಂಟಿಸಿ ಕೀಗಳ ಎತ್ತರ ತಗ್ಗಿಸಿದರೆ ಜಾರು ಬಂತು, ಆದರೆ ನಾದ ಉಸಿರುಗಟ್ಟಿತು, ಶ್ರುತಿ ಇಳಿಯಿತು. ಸ್ಪ್ರಿಂಗ್ ಸಡಿಲಿಸಿದರೆ ವೇಗದ ಸ್ವರಗಳಲ್ಲಿ ರಂಧ್ರ ಮುಚ್ಚುವ ಪ್ಯಾಡು ಕುಣಿಯುತ್ತದೆ, ಮಂದ್ರದಲ್ಲಿ (ಕೆಳಗಿನ ಸ್ಥಾಯಿಯಲ್ಲಿ) ಗಾಳಿ ಸೋರುತ್ತದೆ. ನಾದ ಪ್ರತಿಫಲಿಸುವ ಲೋಹದ ಬಿಲ್ಲೆ (ರೆಸೊನೇಟರ್) ಇಲ್ಲದ ಪ್ಯಾಡು ಹಾಕಿಸಿದಾಗ ತೋಡಿ ಮೆತ್ತಗಾಯಿತು, ಆದರೆ ಡ್ರಮ್ಸ್ ಪಕ್ಕ ನಿಂತರೆ ನನ್ನ ನಾದ ನನಗೇ ಕೇಳಲಿಲ್ಲ. ಎಲ್ಲವನ್ನೂ ಮೊದಲಿನಂತೆ ಮಾಡಿಸಲು ಮತ್ತೆ 10–12 ಸಾವಿರ ಹೋಯಿತು. ವಾದ್ಯ ತಿದ್ದಿ ಎರಡೂ ಸಂಗೀತವನ್ನು ಸಾಧಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಆದದ್ದು ಶ್ರುತಿಯನ್ನು, ಎಂದರೆ ಷಡ್ಜದ (ಸ) ಜಾಗವನ್ನು, ಬದಲಿಸಿದಾಗ.

ಆಲ್ಟೋದಲ್ಲಿ ಒಂದು ಒಡಕು ಇದೆ. ನಡುವಿನ ಸಿ ಶಾರ್ಪ್‌ಗೆ ಎಲ್ಲ ಬೆರಳೂ ತೆರೆದಿರುತ್ತವೆ. ಅದರ ಮೇಲಿನ ಡಿಗೆ ಆರೂ ಬೆರಳು ಮುಚ್ಚಿ ಸ್ಥಾಯಿ ಏರಿಸುವ ಆಕ್ಟೇವ್ ಕೀ ಒತ್ತಬೇಕು. (ಇಲ್ಲಿ ಹೇಳುವ ಸ್ವರಗಳೆಲ್ಲ ಆಲ್ಟೋ ವಾದಕರು ಓದುವ ಹೆಸರಿನವು, ಪಿಯಾನೋದಲ್ಲಿ ಅವೇ ಬೇರೆ ಹೆಸರಿನವು.) ಆ ಜಾಗದಲ್ಲಿ ಗಮಕ (ಸ್ವರವನ್ನು ತೂಗಿಸುವುದು, ಜಾರಿಸುವುದು) ಬಿದ್ದರೆ ಮುಗಿಯಿತು: ಕೆಳಗಿನ ಸ್ವರ ತೆಳ್ಳಗೆ, ಮೇಲಿನದು ದಪ್ಪಗೆ, ನಡುವೆ ಒಂದು ಬಿಕ್ಕಳಿಕೆ. ಷಡ್ಜವನ್ನು ಎಲ್ಲಿಟ್ಟರೂ ಒಡಕು ಯಾವುದೋ ಎರಡು ಸ್ವರಗಳ ನಡುವೆ ಬಂದೇ ಬರುತ್ತದೆ, ಎಲ್ಲಿ ಬರಬೇಕೆಂಬ ಆಯ್ಕೆ ಮಾತ್ರ ನಮ್ಮದು. ಎ ಷಡ್ಜವಾದರೆ ಒಡಕು ಗಾಂಧಾರ–ಮಧ್ಯಮದ ನಡುವೆ; ರಿಷಭದಿಂದ ಮಧ್ಯಮದವರೆಗೆ ತೂಗುವ ತೋಡಿಯ ಗಾಂಧಾರ ಅಲ್ಲೇ ಸಾಯುತ್ತದೆ. ಜಿ ಷಡ್ಜವಾದರೆ ಮಧ್ಯಮ–ಪಂಚಮದ ನಡುವೆ. ನಾನು ಮೂರು ವರ್ಷ ಜಿಯಲ್ಲೇ ಒದ್ದಾಡಿದೆ. ಶಂಕರಾಭರಣದ ಮಧ್ಯಮ ಪಂಚಮವನ್ನು ಮುಟ್ಟಿ ಮುಟ್ಟಿ ಬರಬೇಕಲ್ಲ, ಪ್ರತಿ ಸಲವೂ ಬಿಕ್ಕಳಿಕೆ.

ಎಫ್ ಷಡ್ಜ ಮಾಡಿದಾಗ ಎಲ್ಲ ಸಲೀಸಾಯಿತು. ಅದು ಐದೂವರೆ ಮನೆ (ಪಿಯಾನೋದ ಜಿ ಶಾರ್ಪ್) ಶ್ರುತಿ, ಗಾಯಕಿಯರ ಜೊತೆಗೂ ಹೊಂದುತ್ತದೆ. ಪಂಚಮ ಸಿ ಮೇಲೆ ಕೂರುತ್ತದೆ. ಪಂಚಮ ಅಲುಗಾಡದ ಸ್ವರ, ಮಧ್ಯಮ–ಪಂಚಮ ಪೂರ್ತಿ ಒಡಕಿನ ಕೆಳಗೇ ಇರುತ್ತದೆ. ತೊಂದರೆ ಉಳಿಯುವುದು ಧೈವತದಲ್ಲಿ ಮಾತ್ರ. ಕೆಳಗೆ ಮಂದ್ರ ಮಧ್ಯಮದವರೆಗೆ ಸಿಗುತ್ತದೆ, ಮೇಲೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಆ ಧೈವತಕ್ಕೆ ಮದ್ದು ಉದ್ದ ಬೆರಳು. ಪಂಚಮವನ್ನು ಮಾಮೂಲಿ ಬೆರಳಿನಲ್ಲಿ ಹಿಡಿಯಬೇಡಿ. ಮಂದ್ರದ ಸಿಗೆ ಇಡುವ ಹಾಗೆ ಎಲ್ಲ ಬೆರಳೂ ಮುಚ್ಚಿ ಆಕ್ಟೇವ್ ಕೀ ಒತ್ತಿ. ಅದೇ ಪಂಚಮ, ಆದರೆ ಧೈವತದಷ್ಟೇ ದಪ್ಪ. ಈಗ ಬಲಗೈ ಕಿರುಬೆರಳನ್ನು ಎತ್ತಿದರೆ ಚತುಶ್ರುತಿ ಧೈವತ, ಇಳಿಸಿದರೆ ಪಂಚಮ. ಕಲ್ಯಾಣಿ, ಮೋಹನ, ಶಂಕರಾಭರಣದಲ್ಲಿ ಪ–ದ ಪೂರ್ತಿ ಒಂದೇ ಬೆರಳಿನ ಕೆಲಸ. ಮೊದಮೊದಲು ಸ್ವರ ಕೆಳಗಿನ ಸ್ಥಾಯಿಗೆ ಧೊಪ್ಪೆಂದು ಬೀಳುತ್ತದೆ. ಪಂಚಮದಿಂದ ಶುರು ಮಾಡುವುದೇ ಅದಕ್ಕೆ ಕಾರಣ. ಧೈವತ ಹಿಡಿದು ನಿಂತು ಆಮೇಲೆ ಕಿರುಬೆರಳು ಇಳಿಸಿ, ಬೀಳುವುದಿಲ್ಲ. ವಾದ್ಯದಿಂದ ವಾದ್ಯಕ್ಕೆ ಈ ಪಂಚಮದ ಶ್ರುತಿ ಕೂದಲೆಳೆಯಷ್ಟು ಏರುಪೇರಾಗುತ್ತದೆ. ತಂಬೂರಿ ಹಾಕಿಕೊಂಡು ಬಾಯಲ್ಲಿ ಸರಿ ಮಾಡಿಕೊಳ್ಳಬೇಕು.

ತೋಡಿಯ ಗಾಂಧಾರ ಈ ಶ್ರುತಿಯಲ್ಲಿ ಜಿ ಶಾರ್ಪ್. ಎಡಗೈ ಕಿರುಬೆರಳನ್ನು ಜಿ ಶಾರ್ಪ್ ಕೀ ಮೇಲೆ ಒತ್ತಿಟ್ಟೇ ಇರಿ, ಎತ್ತಬೇಡಿ. ಬಲಗೈ ಮಧ್ಯದ ಬೆರಳು ಇಳಿದರೆ ಶುದ್ಧ ರಿಷಭ, ಎದ್ದರೆ ಗಾಂಧಾರ. ಬಲಗೈ ಇಳಿದಾಗ ಜಿ ಶಾರ್ಪ್ ಪ್ಯಾಡು ತಾನಾಗಿ ಮುಚ್ಚಿಕೊಳ್ಳುತ್ತದೆ. ಮಧ್ಯಮದ ಕಡೆಗಿನ ತೂಗಾಟಕ್ಕೆ ಎಡಗೈ ಉಂಗುರ ಬೆರಳನ್ನು ಅರ್ಧ ಎತ್ತಬೇಕು. ಎಷ್ಟು ಅರ್ಧ ಎಂಬುದನ್ನು ಎದುರು ಕೂತವರಿಗೆ ಮಾತ್ರ ತೋರಿಸುತ್ತೇನೆ, ಬರೆದರೆ ತಪ್ಪು ಕಲಿಯುತ್ತೀರಿ.

ಬೆರಳಿನಷ್ಟೇ ಗಂಟಲೂ ಮುಖ್ಯ. ಈ ವಾದ್ಯದಲ್ಲಿ ಸ್ವರವನ್ನು ಕೆಳಗೆ ಬಗ್ಗಿಸಬಹುದು, ಮೇಲೆ ಬಗ್ಗಿಸಲು ಆಗುವುದೇ ಇಲ್ಲ ಎನ್ನಬಹುದು. ತಾರದಲ್ಲಿ (ಮೇಲಿನ ಸ್ಥಾಯಿಯಲ್ಲಿ), ಅಂಗೈಯಿಂದ ಒತ್ತುವ ಕೀಗಳ ಜಾಗದಲ್ಲಿ, ಒಂದು ಸ್ವರಕ್ಕಿಂತ ಹೆಚ್ಚು ಬಗ್ಗುತ್ತದೆ; ಮಂದ್ರದಲ್ಲಿ ಅಲುಗುವುದೇ ಕಷ್ಟ. ಆದ್ದರಿಂದ ತಾರದ ಗಮಕ ಗಂಟಲಿಂದ, ಮಂದ್ರದ ಗಮಕ ಬೆರಳಿಂದ, ಮಧ್ಯದಲ್ಲಿ ಎರಡೂ ಸೇರಿ. ದವಡೆ ಅಲುಗಿಸಿ ಕಂಪಿತ ಎಂಬ ಗಮಕ ಮಾಡುವವರೇ ಹೆಚ್ಚು. ಅದು ಜಾಝ್ ವೈಬ್ರಾಟೊ, ಕಂಪಿತವಲ್ಲ. ಕಂಪಿತ ಎರಡು ಸ್ವರವನ್ನೂ ಮುಟ್ಟಬೇಕು. ಅಭ್ಯಾಸಕ್ಕೆ ಮೌತ್‌ಪೀಸ್ ಒಂದನ್ನೇ ಊದಿ. ಆಲ್ಟೋ ಮೌತ್‌ಪೀಸಿನಲ್ಲಿ 880 ಹರ್ಟ್ಸ್‌ನ ಎ ಹಿಡಿದು, ತುಟಿ ಅಲುಗಿಸದೆ, ಗಂಟಲಿನಿಂದ ಒಂದೊಂದೇ ಸ್ವರ ಇಳಿದು ಐದು ಸ್ವರ ಹೇಳಬೇಕು. ದಿನಕ್ಕೆ 10–12 ನಿಮಿಷ ಸಾಕು. ಮೂರು ತಿಂಗಳು ಮಾಡಿದ ಶಿಷ್ಯರಿಗೆ ಜಾರು ತಾನಾಗಿ ಬಂದಿದೆ, ಬಿಟ್ಟವರಿಗೆ ವರ್ಷವಾದರೂ ಬಂದಿಲ್ಲ.

ರೀಡಿನ ಗಡಸು ಎರಡೂವರೆ ನಂಬರು. 2 ಮೆದುವಾಗಿದ್ದು ಚೆನ್ನಾಗಿ ಬಗ್ಗುತ್ತದೆ, ಆದರೆ ತಾರ ಪಂಚಮ ಇಳಿಯುತ್ತದೆ. 3 ಜಾಝಿಗೆ ಸೊಗಸು, ಗಮಕಕ್ಕೆ ಬಿಗಿ. ಮೌತ್‌ಪೀಸ್ ಮೇಯರ್ 5, ತುದಿಯ ತೆರಪು ಸುಮಾರು 1.8 ಮಿ.ಮೀ. ಯಮಹಾ 4ಸಿ 1.6ರದ್ದು, ಹೊಸಬರಿಗೆ ಅದೇ ಸಾಕು. ರೀಡಿಗೆ ಮಾತ್ರ ಜುಗ್ಗತನ ಬೇಡ. ಹತ್ತರ ಪೆಟ್ಟಿಗೆಯಲ್ಲಿ ತೋಡಿಗೆ ಒಗ್ಗುವುದು ಮೂರೋ ನಾಲ್ಕೋ, ಉಳಿದವು ಬ್ಲೂಸಿಗೆ ನಡೆಯುತ್ತವೆ.

ಇನ್ನು ಜಾಝ್ ಕಡೆ. ಕರ್ನಾಟಕ ಸಂಗೀತ ಕಲಿತು ಬಂದವರಿಗೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ಬದಲಾದಾಗಲೆಲ್ಲ ಷಡ್ಜ ಬದಲಿಸಿ ಎಂದು ಹೇಳಿಕೊಟ್ಟೆ, ಬೇರೆ ಸ್ವರವನ್ನು ಷಡ್ಜವೆಂದು ಹಿಡಿಯುವ ಗ್ರಹಭೇದದ ಹಾಗೆ. ಪೂರ್ತಿ ವಿಫಲ. ಎರಡು ಬಾರಿಗೊಮ್ಮೆ (ಬಾರು ಎಂದರೆ ನಾಲ್ಕು ಎಣಿಕೆಯ ತುಂಡು) ಷಡ್ಜ ಬದಲಿಸುವಷ್ಟರಲ್ಲಿ ಹಾಡೇ ಮುಂದೆ ಹೋಗಿರುತ್ತದೆ. ಈಗ ಷಡ್ಜ ಕದಲಿಸುವುದಿಲ್ಲ. ಎರಡು–ಐದು–ಒಂದು ಎಂಬ ಮೂರು ಕಾರ್ಡಿನ ಸಾಲು ಬಂದಾಗ ಮೊದಲ ಕಾರ್ಡ್ ರಿ–ಮ–ದ–ಸ, ಎರಡನೆಯದು ಪ–ನಿ–ರಿ–ಮ, ಮೂರನೆಯದು ಸ–ಗ–ಪ–ನಿ. ಇವುಗಳಲ್ಲಿ ಎರಡೇ ಎಳೆ ಹಿಡಿಯಬೇಕು: ಮ–ಮ–ಗ ಮತ್ತು ಸ–ನಿ–ನಿ. ಈ ಎರಡನ್ನು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ, ಆಮೇಲೆ ನಡುವೆ ತುಂಬಿಸಿ. ಎರಡು ತಿಂಗಳಲ್ಲಿ ಕಾರ್ಡ್ ಕೇಳುವ ಕಿವಿ ಬಂತು. ಜಾಝಿನ ಮೆಲೋಡಿಕ್ ಮೈನರ್ ಸ್ಕೇಲು ಎಂದರೆ ನಮ್ಮ ಗೌರಿಮನೋಹರಿ ರಾಗ, ಅದರ ಮಧ್ಯಮದಿಂದ ಹೊರಟರೆ ವಾಚಸ್ಪತಿ, ಪಂಚಮದಿಂದ ಚಾರುಕೇಶಿ ಎಂದರೆ ಅವರಿಗೆ ಥಟ್ಟನೆ ಹೊಳೆಯುತ್ತದೆ. ಆಲ್ಟರ್ಡ್ ಸ್ಕೇಲಿಗೆ ಮಾತ್ರ ಪಂಚಮವಿಲ್ಲ, ಪಂಚಮವಿರುವ ಏಳು ಸ್ವರದ ಮೇಳಕರ್ತ ರಾಗಗಳಲ್ಲಿ ಹುಡುಕಬೇಡಿ.

ಜಾಝ್ ಕಡೆಯಿಂದ ಬಂದವರಿಗೆ ಗಮಕದ ಮೊದಲ ಪಾಠ ಬ್ಲೂಸಿನ ಗಾಂಧಾರ. ಸಾಧಾರಣ (ಕೆಳಗಿನ), ಅಂತರ (ಮೇಲಿನ) ಗಾಂಧಾರ ಎರಡರ ನಡುವೆ ವಾಲುವ ಸ್ವರ ಅವರ ಕಿವಿಯಲ್ಲಿ ಆಗಲೇ ಇರುತ್ತದೆ. ಪಿಯಾನೋದ ಎಫ್ ಬ್ಲೂಸ್ ನಮಗೆ ಡಿಯಲ್ಲಿ. ಎಫ್‌ನಿಂದ ಎಫ್ ಶಾರ್ಪ್‌ಗೆ ಮಾಮೂಲಿ ಬೆರಳಲ್ಲಿ ಹೋದರೆ ನಡುವೆ ಜಿ ಇಣುಕುತ್ತದೆ. ತೋರುಬೆರಳು ಎತ್ತದೆ, ಉಂಗುರ ಬೆರಳಲ್ಲಿ ಪಕ್ಕದ ಎಫ್ ಶಾರ್ಪ್ ಕೀಯನ್ನು ನಿಧಾನಕ್ಕೆ ಒತ್ತಿ, ಜಾರು ಬರುತ್ತದೆ. ಎಚ್ಚರವಿರಲಿ: ತಂಬೂರಿಯ ಅಂತರ ಗಾಂಧಾರ ಪಿಯಾನೋದ್ದಕ್ಕಿಂತ ಸುಮಾರು 14 ಸೆಂಟ್ (ಅರ್ಧ ಸ್ವರಕ್ಕೆ ನೂರು ಸೆಂಟ್) ಕೆಳಗೆ. ಕಛೇರಿಯ ಮರುದಿನ ಹೋಟೆಲಿನಲ್ಲಿ ಪಿಯಾನೋ ಜೊತೆ ನುಡಿಸುವಾಗ ಗಾಂಧಾರ ಇಳಿದೇ ಕೇಳಿಸುತ್ತದೆ. ಹದಿನೈದು ನಿಮಿಷ ಪಿಯಾನೋ ಜೊತೆ ಉದ್ದ ಸ್ವರ ಊದಿ ಸರಿಪಡಿಸಿಕೊಳ್ಳಿ.

ತಾಳದಲ್ಲಿ ಎರಡೂ ಸುಲಭವಾಗಿ ಕೂಡುತ್ತವೆ. ಹನ್ನೆರಡು ಬಾರಿನ ಬ್ಲೂಸ್ 48 ಎಣಿಕೆ, ಆದಿತಾಳದ ಆರು ಆವರ್ತನ. ಜಾಝ್‌ನ ಒತ್ತು ಎರಡು, ನಾಲ್ಕರ ಮೇಲೆ. ಕೈಯಲ್ಲಿ ತಾಳ ಹಾಕಿದರೆ ಅದು ಕಿರುಬೆರಳು, ಮಧ್ಯದ ಬೆರಳು ಮತ್ತು ಎರಡು ಹುಸಿಗಳ (ಅಂಗೈ ಮೇಲೆ ತಿರುಗಿಸುವ ಎಣಿಕೆ) ಮೇಲೆ ಬೀಳುತ್ತದೆ. ಹುಸಿಯಲ್ಲಿ ಒತ್ತು ಕೇಳುವ ಅಭ್ಯಾಸ ಬಂದರೆ ಜಾಝಿನ ತೂಗುವ ನಡೆಯಾದ ಸ್ವಿಂಗ್ ಅರ್ಧ ಬಂದಂತೆ. ಅದನ್ನು ತಿಸ್ರ (ಎಣಿಕೆಗೆ ಮೂರು ಮಾತ್ರೆ) ಎಂದು ಗಟ್ಟಿಯಾಗಿ ಹಿಡಿಯಬೇಡಿ; ಲಯ ಏರಿದಷ್ಟೂ ಸ್ವಿಂಗ್ ಸಮಕ್ಕೆ ಹತ್ತಿರವಾಗುತ್ತದೆ.

ಬ್ಲೂಸಿನ ಕೊನೆಯ ನಾಲ್ಕು ಬಾರು ಎಂದರೆ 16 ಎಣಿಕೆ, ತಿಸ್ರದಲ್ಲಿ 48 ಮಾತ್ರೆ. ಅದರಲ್ಲಿ ಹದಿನಾರು ಮಾತ್ರೆಯ ತುಂಡು ಮೂರು ಸಲ: ತಕದಿಮಿ, ತಾ–ದೀ–ಗಿಣತೊಂ, ತದಿಗಿಣತೊಂ. ನಾಲ್ಕು, ಏಳು, ಐದು. ಎರಡನೆಯ ಸಲ ಅದು ಹತ್ತನೆಯ ಬಾರಿನ ಎರಡನೆಯ ಎಣಿಕೆಯ ಒಳಗೆ ಶುರುವಾಗುತ್ತದೆ, ಮೂರನೆಯ ಸಲ ಹನ್ನೊಂದನೆಯ ಬಾರಿನ ಮೂರನೆಯ ಎಣಿಕೆಯ ಕೊನೆಯ ಮಾತ್ರೆಯಲ್ಲಿ. ಎಲ್ಲರೂ ಎಡವುವುದು ಇಲ್ಲೇ: ಮೂರು ಸಲವೂ ಅದೇ ಸ್ವರ ನುಡಿಸುತ್ತಾರೆ, ಅಡಿಯಲ್ಲಿ ಕಾರ್ಡ್ ಬದಲಾಗಿರುತ್ತದೆ. ಸೊಲ್ಲು ಅದೇ ಇರಲಿ, ಸ್ವರ ಬದಲಾಗಲಿ. ಇದನ್ನು ಮೊದಲ ಸಲ ವೇದಿಕೆಯಲ್ಲಿ ನುಡಿಸಿದಾಗ ಡ್ರಮ್ಸ್ ಹುಡುಗ ಎರಡನೆಯ ಸುತ್ತಿಗೇ ಹಿಡಿದುಬಿಟ್ಟ, ಸಮದಲ್ಲಿ (ತಾಳದ ಮೊದಲ ಎಣಿಕೆಯಲ್ಲಿ) ಇಬ್ಬರೂ ಒಟ್ಟಿಗೆ ಬಿದ್ದೆವು.

ದುಡ್ಡಿನ ಮಾತು. ಮದುವೆ ಸೆಟ್ಟಿನಲ್ಲಿ ನನ್ನ ಪಾಲಿಗೆ ಐದಾರು ಸಾವಿರ, ಹೋಟೆಲ್ ಜಾಝಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಮದುವೆಗೆ ಕಾಲವಿದೆ, ಆಷಾಢದಲ್ಲಿ ಸೊನ್ನೆ. ಮನೆ ನಡೆಯುವುದು ಪಾಠದಿಂದ: ಮುಕ್ಕಾಲು ಗಂಟೆಗೆ ಸಾವಿರದ ಆಸುಪಾಸು, ವಿದೇಶದ ಕನ್ನಡ ಮಕ್ಕಳಿಗೆ ಬೆಳಗ್ಗೆ ಆರಕ್ಕೆ ಆನ್‌ಲೈನ್. ಎರಡೂ ಸಂಗೀತ ಬರುತ್ತದೆಂದು ಗೊತ್ತಾದ ಮೇಲೆ ಶಿಷ್ಯರು ದುಪ್ಪಟ್ಟಾದರು.

ಆಲ್ಟೋಗಿಂತ ಚಿಕ್ಕ ಸ್ಯಾಕ್ಸೋಫೋನ್ ಸೊಪ್ರಾನೋದಲ್ಲೂ ಪ್ರಯತ್ನಿಸಿದೆ, ಕಡಿಮೆ ಬೆಲೆಯದರಲ್ಲಿ ಶ್ರುತಿ ನಿಲ್ಲಲಿಲ್ಲ, ಆರು ತಿಂಗಳಲ್ಲಿ ಮಾರಿದೆ. ಈಗ ಆಲ್ಟೋಗಿಂತ ದೊಡ್ಡ ಟೆನರ್ ಹಿಡಿದಿದ್ದೇನೆ. ಅದೇ ಎಫ್ ಬೆರಳನ್ನು ಷಡ್ಜ ಮಾಡಿದರೆ ಎರಡೂವರೆ ಮನೆ ಶ್ರುತಿ ಸಿಗುತ್ತದೆ, ಗಂಡಸರ ಹಾಡಿಗೆ ಒಗ್ಗುತ್ತದೆ, ಒಡಕೂ ಅದೇ ಧೈವತದಲ್ಲೇ. ಕಲಿತ ಬೆರಳುಗಳೆಲ್ಲ ಹಾಗೇ ನಡೆಯುತ್ತಿವೆ. ಉದ್ದ ಬೆರಳಿನ ಪಂಚಮ ಮಾತ್ರ ಇನ್ನೂ ಹತ್ತಕ್ಕೆ ಎರಡು ಸಲ ಕೆಳಗೆ ಬೀಳುತ್ತದೆ. ರೀಡು ಎರಡೂವರೆಯಿಂದ ಮೂರಕ್ಕೆ ಏರಿಸಿದ್ದೇನೆ, ಈ ಮಳೆಗಾಲ ಪೂರ್ತಿ ಅದರ ಮೇಲೇ ಕೂರುತ್ತೇನೆ.